ಮಾಸ್ತಿಯವರು ಬಿಟ್ಟುಬಂದ ಹುದ್ದೆ

ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರನ್ನು ನಾವೆಲ್ಲ ಕಥೆಗಾರರೆಂದು ಬಲ್ಲೆವು. ಅವರು ಸರ್ಕಾರದ ದೊಡ್ಡ ಅಧಿಕಾರಿಯಾಗಿದ್ದು ತಾವಾಗಿಯೇ ಹೊರಬಂದರೆಂಬುದನ್ನು ಒಂದು ವಾಕ್ಯದಲ್ಲಿ ದಾಟಿಬಿಡುತ್ತೇವೆ. ನನಗೆ ಆ ಒಂದು ವಾಕ್ಯವೇ ಹೆಚ್ಚು ಬೇಕಾಗಿದೆ.

1891ನೆಯ ಇಸವಿ ಜೂನ್ 6ರಂದು ಕೋಲಾರ ಜಿಲ್ಲೆ ಮಾಲೂರು ತಾಲ್ಲೂಕಿನ ಹೊಂಗೇನಹಳ್ಳಿಯಲ್ಲಿ ಅವರ ಜನನ. ಮನೆಮಾತು ತಮಿಳು. ಮನೆತನದ ಸಿರಿ ಆ ವೇಳೆಗೆ ಕರಗಿತ್ತು. ಕಷ್ಟದಲ್ಲಿಯೇ ಓದಿ 1914ರಲ್ಲಿ ಮದರಾಸಿನ ಎಂ.ಎ. ಪದವಿ ಪಡೆದರು. ಮೈಸೂರು ಸಿವಿಲ್ ಸರ್ವಿಸ್ ಪರೀಕ್ಷೆಯಲ್ಲಿ ಗೆದ್ದು ಅಸಿಸ್ಟೆಂಟ್ ಕಮೀಷನರಾದರು. ನಮ್ಮ ತರೀಕೆರೆಯಲ್ಲಿ ಉಪವಿಭಾಗಾಧಿಕಾರಿಗಳು ಕೂರುವ ಪೀಠವೆಂದರೆ ಆ ದರ್ಜೆಯದೇ. ಮುಂದೆ ಜಿಲ್ಲೆಯ ಆಡಳಿತ, ಅಬ್ಕಾರಿ ಕಮೀಷನರ್ ಪದವಿ ಮುಂತಾದುವು ಬಂದುವು. ಹಗಲೆಲ್ಲ ಕಡತಗಳು, ಉಳಿದ ಹೊತ್ತಿನಲ್ಲಿ ಶ್ರೀನಿವಾಸ ಎಂಬ ಹೆಸರಿನಿಂದ ಕಥೆಗಳು. 1929ರಲ್ಲಿ ಬೆಳಗಾವಿಯ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದಾಗಲೂ ಅವರು ಸೇವೆಯಲ್ಲಿದ್ದವರೇ.

1943ರ ಸುಮಾರಿಗೆ, ತಮಗೆ ಸಲ್ಲಬೇಕೆಂದು ಅವರು ನಂಬಿದ್ದ, ಮಂತ್ರಿಪದವಿಗೆ ಸಮನಾದ ಸ್ಥಾನವು ಅವರಿಗಿಂತ ಕಿರಿಯರಾದ ಅಧಿಕಾರಿಯೊಬ್ಬರ ಪಾಲಾಯಿತು. ಮಾಸ್ತಿಯವರು ರಾಜೀನಾಮೆ ಕೊಟ್ಟರು.

ಕೆಳಗಿನ ಮೆಟ್ಟಿಲಿಗೆ ಪರೀಕ್ಷೆಯುಂಟು, ಅಂಕಗಳುಂಟು. ಮೇಲಿನ ಮೆಟ್ಟಿಲಿಗೆ ಆರಿಸುವವರ ಮನಸ್ಸೇ ಅಳತೆ. ವಶೀಲಿ ನುಸುಳುವುದು ಅಲ್ಲಿಯೇ. ಹಾಗೆಂದು ಜ್ಯೇಷ್ಠತೆಯೇ ನ್ಯಾಯವೆಂದು ನಾನು ಹೇಳಲಾರೆ. ಕಿರಿಯನೇ ಸಮರ್ಥನಾಗಿರುವುದೂ ಉಂಟು. ಆದರೆ ಹಿರಿಯನನ್ನು ದಾಟಿಸಿದಾಗ ಅದರ ಕಾರಣ ಎಲ್ಲರೆದುರು ಹೇಳುವಂಥದಾಗಿರಬೇಕು. ಕಡೂರು, ತರೀಕೆರೆ, ಅಜ್ಜಂಪುರಗಳ ಕಡೆಯಿಂದ ಬಂದು ಸರ್ಕಾರಿ ಕೆಲಸದ ಪರೀಕ್ಷೆಗೆ ಓದುತ್ತಿರುವ ನಮಗೆ ಇದು ಬರಿಯ ಚರ್ಚೆಯ ವಿಷಯವಲ್ಲ. ನನ್ನ ಮನೆಯಲ್ಲಿ ನನಗೆ ಮುಂಚೆ ಕಾಲೇಜು ಕಂಡವರಿಲ್ಲ. ಕಚೇರಿಗಳಲ್ಲಿ ನಮ್ಮವರೆನ್ನಲು ಯಾರೂ ಇಲ್ಲ. ಅಲ್ಲದೆ ಮಾಸ್ತಿಯವರಂತೆ ಎದ್ದು ಬರುವುದು ಎಲ್ಲರಿಗೂ ಆಗುವ ಮಾತಲ್ಲ. ಒಂದೇ ಸಂಬಳದ ಮೇಲೆ ಐದಾರು ಬಾಯಿ ನಿಂತಿರುವ ಗುಮಾಸ್ತನು ಅವಮಾನವನ್ನು ನುಂಗಿ ಮರುದಿನವೂ ಹತ್ತು ಗಂಟೆಗೆ ಸಹಿ ಹಾಕಬೇಕು.

ಹೊರಬಂದ ಮೇಲೆ ಅವರು ಸುಮ್ಮನೆ ಕೂರಲಿಲ್ಲ. 1944ರಿಂದ 1965ರವರೆಗೆ ಜೀವನ ಪತ್ರಿಕೆಯನ್ನು ನಡೆಸಿದರು. 1956ರಲ್ಲಿ ಚಿಕವೀರ ರಾಜೇಂದ್ರ ಕಾದಂಬರಿ ಬಂದಿತು. ಕೊಡಗಿನ ಕೊನೆಯ ಅರಸನ ಕಥೆಯದು. ಅದರಲ್ಲಿ ಕುಂಟ ಬಸವನು ಅರಸನ ಬಾಲ್ಯದ ಸಲಿಗೆಯೊಂದರಿಂದಲೇ ಮಂತ್ರಿಯಾಗುತ್ತಾನೆ. ಬೋಪಣ್ಣ, ಲಕ್ಷ್ಮೀನಾರಾಯಣಯ್ಯನವರಂಥ ನುರಿತ ಮಂತ್ರಿಗಳು ಅವನ ಸರಿಸಮಕ್ಕೆ ನಿಂತು ಬೇಯುತ್ತಾರೆ. ಅವರ ಮನಸ್ಸು ಅರಸನಿಂದ ದೂರವಾಗುತ್ತ ಹೋಗುತ್ತದೆ. 1834ರಲ್ಲಿ ಕೊಡಗು ಇಂಗ್ಲಿಷರ ಕೈಸೇರುತ್ತದೆ. ಆದರೂ ಲೇಖಕರು ಬಸವನನ್ನು ಬರಿಯ ದುಷ್ಟನನ್ನಾಗಿ ಮಾಡಿಲ್ಲ. ಅವನ ಸ್ವಾಮಿಭಕ್ತಿಯನ್ನೂ ಕಾಣಿಸಿದ್ದಾರೆ. ಕಚೇರಿಯ ಒಳಹೊರಗನ್ನು ಬಲ್ಲವರಲ್ಲದೆ ಇತರರು ಆ ಮಂತ್ರಿಗಳ ಮೌನವನ್ನು ಅಷ್ಟು ನಿಜವಾಗಿ ಬರೆಯಲಾರರೆಂದು ನನಗೆ ತೋರುತ್ತದೆ.

ಆ ಕಾದಂಬರಿಗಾಗಿ 1983ನೆಯ ಸಾಲಿನ ಜ್ಞಾನಪೀಠ ಪ್ರಶಸ್ತಿ ಅವರಿಗೆ ಸಂದಿತು. 1986ರ ಜೂನ್ 6ರಂದು, ತಾವು ಹುಟ್ಟಿದ ದಿನದಂದೇ, ಅವರು ತೀರಿಕೊಂಡರು.