ಮಾಗಡಿ ರಸ್ತೆಯ ಆ ತುದಿಯಲ್ಲಿ ಕೆಂಪೇಗೌಡರು

ಬೆಂಗಳೂರಲ್ಲಿ ಕೆಂಪೇಗೌಡರ ಹೆಸರು ಕಿವಿಗೆ ಬೀಳದೆ ಒಂದು ದಿನ ಕಳೆಯೋದು ಕಷ್ಟ. ಮೆಜೆಸ್ಟಿಕ್ಕಿನ ಬಸ್ ನಿಲ್ದಾಣ, ಕೆ.ಜಿ. ರಸ್ತೆ, 2013ರಿಂದ ವಿಮಾನ ನಿಲ್ದಾಣ, ಅಲ್ಲೇ 2022ರಲ್ಲಿ ಎದ್ದು ನಿಂತ 108 ಅಡಿ ಪ್ರತಿಮೆ, ಎಲ್ಲವೂ ಅವರ ಹೆಸರಲ್ಲೇ ಇವೆ. ಆದರೆ ಅವರು ತೀರಿಕೊಂಡ ಜಾಗ ಯಾವುದು ಅಂತ 2015ರವರೆಗೆ ನಮ್ಮೂರಲ್ಲಿ ಯಾರೂ ಕೇಳಿದ ಹಾಗಿರಲಿಲ್ಲ. ಆ ಜಾಗ ಮಾಗಡಿ ತಾಲ್ಲೂಕಿನ ಕೆಂಪಾಪುರದಲ್ಲಿದೆ. ರಾಜಾಜಿನಗರ, ಬಸವೇಶ್ವರನಗರವನ್ನು ಒಂದು ಕಡೆ, ವಿಜಯನಗರವನ್ನು ಇನ್ನೊಂದು ಕಡೆ ಬಿಟ್ಟು ಪಶ್ಚಿಮಕ್ಕೆ ಹೋಗುತ್ತಲ್ಲ, ನಾವು ದಿನಾ ಟ್ರಾಫಿಕ್ಕಲ್ಲಿ ನಿಲ್ಲುವ ಮಾಗಡಿ ರಸ್ತೆ, ಅದನ್ನೇ ಹಿಡಿದು ಹೋದರೆ ಆ ತಾಲ್ಲೂಕು ಸಿಗುತ್ತೆ. ಅವರ ಬದುಕಿನಲ್ಲಿ ನಮಗೆ ಏನೇನು ಗೊತ್ತು, ಅದು ಹೇಗೆ ಗೊತ್ತಾಯಿತು ಅಂತ ಇಲ್ಲಿ ಬರೆದಿದ್ದೇವೆ.

ಮನೆತನದ ಕಥೆ ಶುರುವಾಗೋದು ಇವತ್ತಿನ ದೇವನಹಳ್ಳಿ ತಾಲ್ಲೂಕಿನ ಆವತಿಯಿಂದ. ರಣಭೈರೇಗೌಡ ಅನ್ನುವವರು ಕಂಚಿಯ ಕಡೆಯಿಂದ ಕುಟುಂಬ ಕಟ್ಟಿಕೊಂಡು ಬಂದು ಅಲ್ಲಿ ನೆಲೆ ನಿಂತರು ಅನ್ನೋದು ಪರಂಪರೆಯ ಮಾತು. ಅವರ ವಂಶದ ಜಯಗೌಡರು ಯಲಹಂಕದಲ್ಲಿ ಬೇರೆ ಶಾಖೆ ಕಟ್ಟಿದರು. ಆ ಶಾಖೆಯ ಕೆಂಪನಂಜೇಗೌಡರು ಮತ್ತು ಲಿಂಗಾಂಬೆಯವರ ಮಗನೇ ನಮ್ಮ ಕೆಂಪೇಗೌಡರು. ಹುಟ್ಟಿದ ವರ್ಷ 1510 ಅಂತ ಹೇಳುತ್ತಾರೆ. ಐಗೊಂಡಪುರದ ಗುರುಕುಲದಲ್ಲಿ ಓದು, ಕುಸ್ತಿ, ಕತ್ತಿವರಸೆ ಎಲ್ಲಾ ಕಲಿತರಂತೆ.

ಯಲಹಂಕದ ನಾಡಪ್ರಭುಗಳು ಸ್ವತಂತ್ರ ರಾಜರಲ್ಲ, ವಿಜಯನಗರದ ಸಾಮಂತರು. ವಿಜಯನಗರ ಅಂದರೆ ನಮ್ಮ ಬಸ್ ಸ್ಟಾಪ್ ಅಲ್ಲ, ಹಂಪಿಯದು! ಹೊಸ ಊರು ಕಟ್ಟೋಕೆ ಅಚ್ಯುತದೇವರಾಯರ ಒಪ್ಪಿಗೆ ಸಿಕ್ಕಿದ ಮೇಲೆ 1537ರಲ್ಲಿ ಮಣ್ಣಿನ ಕೋಟೆಯೂ ಪೇಟೆಯೂ ಎದ್ದವು. ದೊಡ್ಡಪೇಟೆ ಮತ್ತು ಚಿಕ್ಕಪೇಟೆ ಕೂಡುವ ಜಾಗದಿಂದ ನಾಲ್ಕು ದಿಕ್ಕಿಗೂ ನೇಗಿಲು ಕಟ್ಟಿದ ಎತ್ತುಗಳನ್ನು ಬಿಟ್ಟು, ಅವು ಉತ್ತ ಗೆರೆಗಳಲ್ಲೇ ಬೀದಿ ಮಾಡಿದರು ಅಂತಾರೆ. ಆ ದೊಡ್ಡಪೇಟೆಯೇ ಈಗಿನ ಅವೆನ್ಯೂ ರೋಡ್. ಅಕ್ಕಿಪೇಟೆ, ಅರಳೇಪೇಟೆ, ಕುಂಬಾರಪೇಟೆ, ಗಾಣಿಗರಪೇಟೆ ಅಂತ ಕಸುಬಿಗೊಂದು ಪೇಟೆ ಆಯ್ತು. ನೀರಿಗೆ ಕೆಂಪಾಂಬುಧಿ, ಧರ್ಮಾಂಬುಧಿ ಮುಂತಾದ ಕೆರೆಗಳು. ಅವರ ಹೆಸರಿನ ಬಸ್ ನಿಲ್ದಾಣ ಇವತ್ತು ನಿಂತಿರೋದು ಬತ್ತಿದ ಧರ್ಮಾಂಬುಧಿ ಕೆರೆಯ ಅಂಗಳದಲ್ಲಿ.

ಬೆಂಗಳೂರು ಅನ್ನೋ ಹೆಸರನ್ನು ಮಾತ್ರ ಅವರು ಹೊಸದಾಗಿ ಇಟ್ಟಿದ್ದಲ್ಲ. ಬೇಗೂರಿನ ದೇವಸ್ಥಾನದಲ್ಲಿ ಸುಮಾರು ಕ್ರಿ.ಶ. 890ರ ಒಂದು ವೀರಗಲ್ಲು ಇದೆ. ಅದರಲ್ಲಿ ಬೆಂಗಳೂರಲ್ಲಿ ನಡೆದ ಕಾಳಗದ ಪ್ರಸ್ತಾಪ ಇದೆ. ಬೆಂದ ಕಾಳಿನ ಕಥೆ ಕೇಳೋಕೆ ಚೆನ್ನಾಗಿದ್ದರೂ ಕಲ್ಲು ಅದಕ್ಕಿಂತ ಹಳೆಯದನ್ನು ಹೇಳ್ತಿದೆ.

ಅವರ ಬದುಕು ಬರೀ ಗೆಲುವಿನದಲ್ಲ. ಭೈರವನ ಹೆಸರಲ್ಲಿ ಸ್ವಂತ ನಾಣ್ಯ ಟಂಕಿಸಿದರು ಅನ್ನೋ ಆರೋಪದ ಮೇಲೆ ಅವರನ್ನು ಆನೆಗೊಂದಿಯಲ್ಲಿ ಸೆರೆಯಲ್ಲಿಟ್ಟರು, 5 ವರ್ಷ ಆದಮೇಲೆ ದಂಡ ಕಟ್ಟಿ ಬಿಡುಗಡೆಯಾದರು ಅಂತ ಪರಂಪರೆ ಹೇಳುತ್ತೆ. ಅವರ ಸೀಮೆ ಆಗ ಚನ್ನಪಟ್ಟಣದ ಜಗದೇವರಾಯರ ಕೈಗೆ ಹೋಗಿತ್ತು. ವಾಪಸ್ ಬಂದು ಮತ್ತೆ ಆಳಿದರು. ತಮ್ಮ ಸಮುದಾಯದ ಹೆಣ್ಣುಮಕ್ಕಳ ಬೆರಳು ಕತ್ತರಿಸುವ ಪದ್ಧತಿಯನ್ನು ನಿಲ್ಲಿಸಿದವರು ಅವರೇ ಅಂತಲೂ ಜನ ನೆನೆಯುತ್ತಾರೆ. ಕೋಟೆಯ ಬಾಗಿಲು ನಿಲ್ಲಲಿ ಅಂತ ಬಲಿಯಾದ ಸೊಸೆ ಲಕ್ಷ್ಮೀದೇವಿಯ ಕಥೆಯೂ ಇದೇ ಮನೆಯದು. ಕೋರಮಂಗಲದಲ್ಲಿ ಆಕೆಯ ಸ್ಮಾರಕ ಇದೆ. 1565ರ ತಾಳಿಕೋಟೆ ಯುದ್ಧದಲ್ಲಿ ವಿಜಯನಗರ ಸೋತ ನಾಲ್ಕು ವರ್ಷಕ್ಕೆ, 1569ರಲ್ಲಿ, ಕೆಂಪೇಗೌಡರು ತೀರಿಕೊಂಡರು.

ಈ ವಂಶದ ಜಾಡು ಹಿಡಿಯೋರಿಗೆ ದೊಡ್ಡ ತಲೆನೋವು ಅಂದರೆ ಹೆಸರು. ಮಗ ಇಮ್ಮಡಿ ಕೆಂಪೇಗೌಡ, ಆಮೇಲೆ ಮುಮ್ಮಡಿ ಕೆಂಪೇಗೌಡ. ಲಾಲ್‌ಬಾಗ್ ಬಂಡೆ, ಕೆಂಪಾಂಬುಧಿ, ಹಲಸೂರು, ಮೇಖ್ರಿ ವೃತ್ತದ ಹತ್ತಿರ ಇರುವ ನಾಲ್ಕು ಗೋಪುರಗಳನ್ನು ಜನ ಹಿರಿಯರ ಲೆಕ್ಕಕ್ಕೆ ಹಾಕಿಬಿಡ್ತಾರೆ, ಆದರೆ ಅವು ಇಮ್ಮಡಿ ಕೆಂಪೇಗೌಡರದು ಅನ್ನೋದು ಸಾಮಾನ್ಯ ಅಭಿಪ್ರಾಯ. ಹಾಗಾಗಿ ಕಲ್ಲಿನ ಮೇಲೆ ಬರೀ ಕೆಂಪೇಗೌಡ ಅಂತಿದ್ದರೆ ಸಾಲದು, ಕಾಲವೂ ಬೇಕು. ಶಾಸನಗಳಲ್ಲಿ ಶಕ ವರ್ಷದ ಜೊತೆ ಸಂವತ್ಸರದ ಹೆಸರೂ ಇರುತ್ತೆ. ಶಕ ವರ್ಷಕ್ಕೆ 78 ಕೂಡಿಸಿದರೆ ನಮ್ಮ ಇಸವಿ ಬರುತ್ತೆ, ಸಂವತ್ಸರ 60 ವರ್ಷಕ್ಕೊಮ್ಮೆ ತಿರುಗಿ ಬರುತ್ತೆ. 1537 ಅಂದರೆ ಶಕ 1459, ಹೇವಿಳಂಬಿ. 480 ವರ್ಷ ಆದಮೇಲೆ, ಅಂದರೆ 2017ರ ಯುಗಾದಿಗೆ ಬಂದದ್ದೂ ಅದೇ ಹೇವಿಳಂಬಿ. ಶಾಸನದಲ್ಲಿ ಎರಡೂ ತಾಳೆ ಆಗದಿದ್ದರೆ ಬರೆದವರೋ ಓದಿದವರೋ ಎಲ್ಲೋ ತಪ್ಪಿದ್ದಾರೆ ಅಂತ ಅರ್ಥ. ಡಿಜಿಟಲ್ ಎಲೆಕ್ಟ್ರಾನಿಕ್ಸ್‌ನಲ್ಲಿ ನಾವು ಓದುವ ಪ್ಯಾರಿಟಿ ಬಿಟ್ ಮಾಡೋದೂ ಇದೇ ಕೆಲಸ.

ಕೆಂಪಾಪುರದಲ್ಲಿ ಕೈ ಹಿಡಿದದ್ದು ಒಂದೇ ಒಂದು ಪದ. 2015ರಲ್ಲಿ ಸಂಶೋಧಕರು ಅಲ್ಲಿನ ಹಳೆಯ ಗೋಪುರದಂಥ ಕಟ್ಟಡವನ್ನು ಸಮಾಧಿ ಅಂತ ಗುರುತಿಸಿದರು. ಅಲ್ಲಿನ ಬರಹದಲ್ಲಿ ಕೆಂಪಯ್ಯಗೌಡರ ಹೆಸರಿನ ಹಿಂದೆ ಹಿರಿಯ ಅನ್ನೋ ಪದ ಇದೆ. ಕುಣಿಗಲ್ ಕಡೆಯ ಜಗಳವೊಂದನ್ನು ಬಗೆಹರಿಸಿ ವಾಪಸ್ ಬರುವಾಗ ಇಲ್ಲಿ ತೀರಿಕೊಂಡರು ಅನ್ನೋದು ಅದರ ಸಾರ. ಹಿರಿಯ ಅನ್ನೋ ಪದ ಇಲ್ಲದಿದ್ದರೆ ಯಾವ ಕೆಂಪೇಗೌಡರು ಅಂತ ವಾದ ಮಾಡ್ತಾ ಕೂರಬೇಕಿತ್ತು.

ಡಿಎನ್‌ಎ ಟೆಸ್ಟ್ ಮಾಡಿಸಿದರೆ ಆಯ್ತಲ್ಲ ಅಂತ ನಮ್ಮಲ್ಲಿ ಯಾರಿಗಾದರೂ ಅನಿಸಬಹುದು. ಇಂಗ್ಲೆಂಡಲ್ಲಿ ಅದನ್ನು ಮಾಡಿ ನೋಡಿದ್ದಾರೆ. 1485ರಲ್ಲಿ ಯುದ್ಧದಲ್ಲಿ ಸತ್ತ ಮೂರನೇ ರಿಚರ್ಡ್ ದೊರೆಯ ಅಸ್ಥಿಪಂಜರ 2012ರಲ್ಲಿ ಲೆಸ್ಟರ್ ನಗರದ ಕಾರ್ ಪಾರ್ಕಿಂಗ್ ಕೆಳಗೆ ಸಿಕ್ಕಿತು. ತಾಯಿಯಿಂದ ಮಕ್ಕಳಿಗೆ ಬರುವ ಮೈಟೋಕಾಂಡ್ರಿಯಾದ ಡಿಎನ್‌ಎ, ರಿಚರ್ಡನ ಅಕ್ಕನ ಹೆಣ್ಣು ಸಂತತಿಯಲ್ಲಿ ಬಂದ ಇವತ್ತಿನವರ ಜೊತೆ ಹೊಂದಿತು. ತಂದೆಯಿಂದ ಮಗನಿಗೆ ಬರುವ ವೈ ಕ್ರೋಮೋಸೋಮ್ ಮಾತ್ರ, ಗಂಡು ವಂಶಾವಳಿಯಲ್ಲಿ ಬಂದ ಐದು ಜನರಲ್ಲಿ ಒಬ್ಬರ ಜೊತೆಗೂ ಹೊಂದಲಿಲ್ಲ! ನಡುವೆ ಎಲ್ಲೋ ಒಂದು ತಲೆಮಾರಲ್ಲಿ ದಾಖಲೆಯ ಅಪ್ಪ ಬೇರೆ, ನಿಜವಾದ ಅಪ್ಪ ಬೇರೆ ಆಗಿದ್ದಾರೆ. ಆದರೆ ಅಕ್ಕನ ಸಂತತಿ ಯಾರು ಅಂತ ಕಂಡುಹಿಡಿದದ್ದು ಲ್ಯಾಬ್ ಅಲ್ಲ, ಹೆಣ್ಣುಮಕ್ಕಳ ಹೆಸರನ್ನೂ ಬರೆದಿಟ್ಟ ಹಳೆಯ ಕಾಗದಗಳು. ನಮ್ಮ ವಂಶಾವಳಿಗಳಲ್ಲಿ ಹೆಚ್ಚಾಗಿ ಕಾಣೋದು ಗಂಡಸರ ಸಾಲು. ಹೆಣ್ಣುಮಕ್ಕಳ ಸಾಲು ಹಿಡಿದು ಹೋಗೋದು ಇಲ್ಲಿ ಕಷ್ಟ. ಇನ್ನು ನಮ್ಮ ಬಿಸಿ ಹವೆಯಲ್ಲಿ ಹಳೆಯ ಡಿಎನ್‌ಎ ಬೇಗ ಕೆಡುತ್ತೆ. ಹರಿಯಾಣದ ರಾಖಿಗಢಿಯಲ್ಲಿ 61 ಸ್ಯಾಂಪಲ್ ಪರೀಕ್ಷಿಸಿದಾಗ ಕೆಲಸಕ್ಕೆ ಬಂದದ್ದು ಒಂದೇ ಒಂದು.

ಹಾಗಾಗಿ ನಮ್ಮೂರ ಮಟ್ಟಿಗೆ ಕಲ್ಲೇ ಸಾಕ್ಷಿ. ಕೆಂಪೇಗೌಡರು ಹೋಗಿ 40 ವರ್ಷಕ್ಕೆ, 1609ರಲ್ಲಿ, ಶಿವಗಂಗೆಯ ಗಂಗಾಧರೇಶ್ವರ ದೇವಸ್ಥಾನದಲ್ಲಿ ಅವರ ಲೋಹದ ಪ್ರತಿಮೆ ನಿಂತಿತು. 1638ರಲ್ಲಿ ಬಿಜಾಪುರದ ಸೇನೆ ಬೆಂಗಳೂರನ್ನು ತಗೊಂಡಾಗ ಮನೆತನ ಮಾಗಡಿಗೆ ಹೋಯಿತು. 1728ರಲ್ಲಿ ಮೈಸೂರಿನವರು ಮಾಗಡಿಯನ್ನೂ ಗೆದ್ದರು, ಕೊನೆಯ ಕೆಂಪೇಗೌಡರು ಶ್ರೀರಂಗಪಟ್ಟಣದ ಸೆರೆಯಲ್ಲಿ ತೀರಿಕೊಂಡರು. ಅಲ್ಲಿಗೆ ಆಳ್ವಿಕೆ ಮುಗಿಯಿತು, ಉಳಿದದ್ದು ಬರಹ.

ಆ ಬರಹ ಉಳಿಯುತ್ತೆ ಅನ್ನೋ ಗ್ಯಾರಂಟಿ ಇಲ್ಲ. ಲೂಯಿ ರೈಸ್ 1905ರಲ್ಲಿ ಬೆಂಗಳೂರು ಜಿಲ್ಲೆಯ ಶಾಸನಗಳ ಸಂಪುಟ ತಂದಾಗ ಊರೂರಲ್ಲಿದ್ದ ಎಷ್ಟೋ ಕಲ್ಲುಗಳು ಈಗ ಇಲ್ಲ, ಲೇಔಟ್ ಮತ್ತು ರಸ್ತೆಗಳ ಕೆಳಗೆ ಹೋಗಿವೆ. 2018ರಲ್ಲಿ ಹೆಬ್ಬಾಳದಲ್ಲಿ ಚರಂಡಿ ಅಗೆಯುವಾಗ ಸಿಕ್ಕ ಕಿತ್ತಯ್ಯನ ವೀರಗಲ್ಲು ಸುಮಾರು ಕ್ರಿ.ಶ. 750ರದು, ನೋಡಿದವರಿಗೆ ಅದು ಏನು ಅಂತ ಹೊಳೆದದ್ದಕ್ಕೆ ಉಳಿಯಿತು. ಈಗ ಮಿಥಿಕ್ ಸೊಸೈಟಿಯವರು ಬೆಂಗಳೂರಿನ ಶಾಸನಗಳನ್ನು 3ಡಿ ಸ್ಕ್ಯಾನ್ ಮಾಡಿಡ್ತಿದ್ದಾರೆ. ಸ್ಕ್ಯಾನರ್, ಪಾಯಿಂಟ್ ಕ್ಲೌಡ್, ಮ್ಯಾಪಿಂಗ್, ಎಲ್ಲಾ ನಮ್ಮ ಸಿಲಬಸ್ಸಿನ ಹತ್ತಿರದ್ದೇ. ಕೆಂಗೇರಿ, ಮಾಗಡಿ ಕಡೆಯ ಸೈಟುಗಳಲ್ಲಿ ನಾಳೆ ಜೆಸಿಬಿ ಪಕ್ಕ ನಿಲ್ಲೋ ಎಂಜಿನಿಯರು ನಮ್ಮಲ್ಲೇ ಒಬ್ಬರಾಗಿರಬಹುದು. ಅಕ್ಷರ ಇರೋ ಕಲ್ಲು ಮೇಲೆ ಬಂದರೆ ಕೆಲಸ ನಿಲ್ಲಿಸಿ, ಫೋಟೋ ತೆಗೆದು, ಪುರಾತತ್ವ ಇಲಾಖೆಗೆ ತಿಳಿಸಬೇಕು.