ಬೆಳಕಿನ ವಿಜ್ಞಾನಿ ಎಸ್. ಪಂಚರತ್ನಂ

ಸರ್ ಸಿ.ವಿ. ರಾಮನ್ ಹೆಸರು ನಮಗೆಲ್ಲ ಗೊತ್ತು. ಅವರ ಸೋದರಳಿಯ ಮತ್ತು ಶಿಷ್ಯರಾದ ಪಂಚರತ್ನಂ ಅವರೂ ದೊಡ್ಡ ವಿಜ್ಞಾನಿ. ಇವರು 1934ರಲ್ಲಿ ಕಲ್ಕತ್ತದಲ್ಲಿ ಹುಟ್ಟಿದರು. ಇಪ್ಪತ್ತರ ಆಸುಪಾಸಿನಲ್ಲೇ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆ ಸೇರಿ, ಹರಳುಗಳ ಒಳಗೆ ಬೆಳಕು ಹೇಗೆ ಸಾಗುತ್ತೆ ಅಂತ ಅಭ್ಯಾಸ ಮಾಡಿದರು.

ಬೆಳಕು ಒಂದು ಅಲೆ. ಬಾವಿಹಗ್ಗದ ಒಂದು ತುದಿ ಕಟ್ಟಿ, ಇನ್ನೊಂದು ತುದಿಯನ್ನು ಮೇಲೆ ಕೆಳಗೆ ಆಡಿಸಬಹುದು, ಎಡಕ್ಕೆ ಬಲಕ್ಕೂ ಆಡಿಸಬಹುದು. ಬೆಳಕಿನ ಅಲೆಯೂ ಹಾಗೇ. ಅದು ಒಂದೇ ದಿಕ್ಕಿನಲ್ಲಿ ಆಡಿದರೆ ಅದಕ್ಕೆ ಧ್ರುವೀಕರಣ ಎನ್ನುತ್ತಾರೆ. ಕೆಲವು ಹರಳಿನ ತೆಳು ಬಿಲ್ಲೆಗಳು ಈ ದಿಕ್ಕನ್ನು ತಿರುಗಿಸುತ್ತವೆ. ಆದರೆ ಒಂದು ಬಿಲ್ಲೆ ಒಂದು ಬಣ್ಣಕ್ಕೆ ಸರಿಹೋದರೆ ಇನ್ನೊಂದಕ್ಕೆ ತಪ್ಪುತ್ತೆ. 1955ರಲ್ಲಿ, 21ನೇ ವಯಸ್ಸಿನಲ್ಲಿ, ಪಂಚರತ್ನಂ ಇದಕ್ಕೆ ಉಪಾಯ ತೋರಿಸಿದರು. ಒಂದೇ ಜಾತಿಯ ಬಿಲ್ಲೆಗಳನ್ನು ಲೆಕ್ಕ ಹಾಕಿದ ಕೋನಗಳಿಗೆ ತಿರುಗಿಸಿ ಒಂದರ ಮೇಲೊಂದು ಜೋಡಿಸಿದರೆ, ಒಂದರ ತಪ್ಪನ್ನು ಇನ್ನೊಂದು ತಿದ್ದುತ್ತೆ!

1960ರ ದಶಕದ ಆರಂಭದಲ್ಲಿ ಅವರು ನಮ್ಮ ಪಕ್ಕದ ಮೈಸೂರಿನ ವಿಶ್ವವಿದ್ಯಾನಿಲಯದಲ್ಲೇ ಭೌತಶಾಸ್ತ್ರ ಪಾಠ ಮಾಡಿದರು. 1964ರಲ್ಲಿ ಇಂಗ್ಲೆಂಡಿನ ಆಕ್ಸ್‌ಫರ್ಡಿಗೆ ಹೋದರು. 1969ರಲ್ಲಿ ಅಲ್ಲೇ ತೀರಿಕೊಂಡರು. ಆಗ ಅವರಿಗೆ ಬರೀ 35 ವರ್ಷ. ಅವರ ಬರಹಗಳನ್ನು ಬಹಳ ಕಾಲ ಹೆಚ್ಚು ಜನ ಓದಲಿಲ್ಲ.

ಈಗ ಆಕಾಶದ ಕಡೆ ನೋಡೋಣ. ವಿಶ್ವ ಹುಟ್ಟಿ ಸುಮಾರು 1380 ಕೋಟಿ ವರ್ಷ ಆಯಿತು. ಹುಟ್ಟಿದ ಸುಮಾರು 3 ಲಕ್ಷದ 80 ಸಾವಿರ ವರ್ಷಕ್ಕೆ ಹೊರಟ ಬೆಳಕು ಇವತ್ತೂ ಎಲ್ಲ ದಿಕ್ಕಿನಿಂದ ಬರುತ್ತಿದೆ. ಅದು ಈಗ ಕಣ್ಣಿಗೆ ಕಾಣದ ಮೈಕ್ರೋವೇವ್ ಆಗಿದೆ. ಇದನ್ನು 1965ರಲ್ಲಿ ಅಮೆರಿಕದ ಪೆಂಜಿಯಾಸ್ ಮತ್ತು ವಿಲ್ಸನ್ ಜಗತ್ತಿಗೆ ತಿಳಿಸಿದರು. ಅದರ ಧ್ರುವೀಕರಣ ಮೊದಲು ಪತ್ತೆಯಾದದ್ದು 2002ರಲ್ಲಿ, ದಕ್ಷಿಣ ಧ್ರುವದಲ್ಲಿಟ್ಟ ದೂರದರ್ಶಕದಿಂದ. ವಿಶ್ವದ ಮೊಟ್ಟಮೊದಲ ಕ್ಷಣದ ಗುರುತು ಅದರಲ್ಲಿ ಇರಬಹುದೆಂದು ವಿಜ್ಞಾನಿಗಳು ಹುಡುಕುತ್ತಿದ್ದಾರೆ, ಇನ್ನೂ ಸಿಕ್ಕಿಲ್ಲ.

ಆ ಧ್ರುವೀಕರಣ ಬಹಳ ಕ್ಷೀಣ. ಗಾಳಿಯ ಮತ್ತು ಯಂತ್ರದ ಗದ್ದಲದಿಂದ ಅದನ್ನು ಬೇರೆ ಮಾಡಬೇಕು. ಅದಕ್ಕೆ ಚಿಲಿ ದೇಶದ ಅಟಕಾಮ ಮರುಭೂಮಿಯ ಸೈಮನ್ಸ್ ವೀಕ್ಷಣಾಲಯದ ಚಿಕ್ಕ ದೂರದರ್ಶಕಗಳಲ್ಲಿ, ನೀಲಮಣಿ ಜಾತಿಯ ಹರಳಿನ 3 ಬಿಲ್ಲೆಗಳನ್ನು ಜೋಡಿಸಿ ಸದಾ ತಿರುಗಿಸುತ್ತಾರೆ. ಒಂದೊಂದೂ ಸುಮಾರು ಅರ್ಧ ಮೀಟರ್ ಅಗಲ. ಆಕಾಶದ ಧ್ರುವೀಕರಣ ಮಾತ್ರ ಆ ತಿರುಗಾಟದ ತಾಳಕ್ಕೆ ಏರಿಳಿಯುವುದರಿಂದ ಅದು ಬೇರೆಯಾಗಿ ಗೊತ್ತಾಗುತ್ತೆ. ಜೋಡಿಸುವ ವಿಧಾನ ಪಂಚರತ್ನಂ ಅವರದೇ!

ತೆಂಗಿನ ಸಸಿ ನೆಟ್ಟ ತಾತ ಎಳನೀರು ಕುಡಿಯದೆ ಹೋಗಬಹುದು, ಮೊಮ್ಮಕ್ಕಳು ಕುಡಿಯುತ್ತಾರೆ. ಪಂಚರತ್ನಂ ಅವರ ಲೆಕ್ಕವೂ ಹಾಗೆ ಫಲ ಕೊಟ್ಟಿತು. ಮೈಸೂರಿಗೆ ಹೋದಾಗ ಅವರನ್ನೂ ಒಮ್ಮೆ ನೆನೆಯೋಣ.