ದಾದಾ ಕಿಶನ್ ಲಾಲ್

ನಮ್ಮ ಬಾಗಲೂರು ಮದರಾಸು ಪ್ರಾಂತ್ಯದ ಸೇಲಂ ಜಿಲ್ಲೆಗೆ ಸೇರಿದ್ದ ಕಾಲವದು. ಸ್ವಾತಂತ್ರ್ಯ ಬಂದು ವರ್ಷ ತುಂಬಲು ಮೂರೇ ದಿನ ಉಳಿದಿದ್ದಾಗ, 1948ರ ಆಗಸ್ಟ್ 12ರಂದು, ಲಂಡನ್ನಿನ ವೆಂಬ್ಲಿ ಕ್ರೀಡಾಂಗಣದಲ್ಲಿ ಭಾರತದ ಹಾಕಿ ತಂಡವು ಬ್ರಿಟನ್ನನ್ನು 4-0 ಗೋಲುಗಳಿಂದ ಸೋಲಿಸಿತು. ಸ್ವತಂತ್ರ ಭಾರತಕ್ಕೆ ಒಲಿಂಪಿಕ್ಸ್‌ನಲ್ಲಿ ದೊರೆತ ಮೊದಲ ಚಿನ್ನವದು. ಧ್ಯಾನ್ ಚಂದರ ಹೆಸರನ್ನು ನಮ್ಮ ಮಕ್ಕಳೆಲ್ಲ ಬಲ್ಲರು. ಅಂದಿನ ನಾಯಕ ಕಿಶನ್ ಲಾಲರ ಹೆಸರೆತ್ತಿದರೆ ಹಿರಿಯರೂ ತಡವರಿಸುತ್ತಾರೆ. ಶಾಲೆಯ ಶತಮಾನದ ಈ ಸಂಪುಟದಲ್ಲಿ ಅವರ ಬಾಳನ್ನು ಬರೆಯಲು ನಮಗೆ ಅಷ್ಟು ಕಾರಣ ಸಾಕು.

ಕಿಶನ್ ಲಾಲರು 1917ರ ಫೆಬ್ರವರಿ 2ರಂದು ಮಧ್ಯ ಭಾರತದ ದಂಡಿನ ಊರಾದ ಮಹೂವಿನಲ್ಲಿ ಜನಿಸಿದರು. ಬಾಲ್ಯದಲ್ಲಿ ಅವರ ಮನಸ್ಸು ಸೋತದ್ದು ಪೋಲೋಗೆ. ಅದು ಕುದುರೆಯುಳ್ಳವರ ಆಟ. ಹದಿನಾಲ್ಕನೆಯ ವಯಸ್ಸಿನಲ್ಲಿ ಅವರು ಹಾಕಿಯ ಕೋಲು ಹಿಡಿದರು. ಮಹೂ, ಇಂದೋರು, ಟೀಕಂಗಢಗಳ ತಂಡಗಳಲ್ಲಿ ಆಡಿ ಪಳಗಿ, 1941ರಲ್ಲಿ ಬಿ.ಬಿ. ಅಂಡ್ ಸಿ.ಐ. ರೈಲ್ವೆಯನ್ನು ಸೇರಿದರು. ಮೈದಾನದ ಬಲ ಅಂಚು ಅವರ ಸ್ಥಾನ. ಅಲ್ಲಿ ನಿಂತವನು ಚೆಂಡನ್ನು ಅಂಚಿನುದ್ದಕ್ಕೂ ಒಯ್ದು ಒಳಗಿನವರಿಗೆ ಒಪ್ಪಿಸಬೇಕು. ಗೋಲಿನ ಕೀರ್ತಿ ಹೆಚ್ಚಾಗಿ ಇತರರದೇ ಆಗುತ್ತದೆ.

ಆಟಗಾರನ ತೋಳು ಕಾಲುಗಳಲ್ಲಿ ಕಸುವು ತುಂಬಿರುವ ವರ್ಷಗಳನ್ನು ಮಹಾಯುದ್ಧವು ನುಂಗಿತು. 1940ರ ಒಲಿಂಪಿಕ್ಸ್ ನಡೆಯಲಿಲ್ಲ, 1944ರದೂ ನಡೆಯಲಿಲ್ಲ. ಕೊನೆಗೆ ಅವಕಾಶ ಒದಗಿದಾಗ ಅವರಿಗೆ 31 ವರ್ಷ. ಅಷ್ಟರಲ್ಲಿ ದೇಶವೂ ಹಾಕಿಯೂ ಎರಡಾಗಿದ್ದವು. 1936ರಲ್ಲಿ ಬರ್ಲಿನ್ನಿನಲ್ಲಿ ಭಾರತಕ್ಕಾಗಿ ಆಡಿದ್ದ ದಾರಾ ಈಗ ಪಾಕಿಸ್ತಾನ ತಂಡದ ನಾಯಕ. ಕಿಶನ್ ಲಾಲರ ತಂಡದಲ್ಲೇ ಇದ್ದ ಲತೀಫ್ ಉರ್ ರೆಹಮಾನ್ ಮತ್ತು ಅಖ್ತರ್ ಹುಸೇನ್ ಇಬ್ಬರೂ ಮುಂದೆ ಪಾಕಿಸ್ತಾನದ ಪರವಾಗಿ ಆಡಿದರು. ಗಡಿ ಎಂಬುದು ಬದುಕಿನ ನಡುವೆ ಹಾಯುವ ಬಗೆಯನ್ನು ನಮ್ಮ ಓದುಗರಿಗೆ ವಿವರಿಸಿ ಹೇಳಬೇಕಾಗಿಲ್ಲ.

ಲಂಡನ್ನಿನಲ್ಲಿ ಆಸ್ಟ್ರಿಯಾ, ಅರ್ಜೆಂಟೀನಾ, ಸ್ಪೇನ್‌ಗಳನ್ನು ಸೋಲಿಸಿದ ತಂಡವು ಸೆಮಿಫೈನಲ್‌ನಲ್ಲಿ ಹಾಲೆಂಡಿನ ವಿರುದ್ಧ 2-1ರಿಂದ ಪಾರಾಯಿತು. ಫೈನಲ್‌ನಲ್ಲಿ ಎದುರಾದದ್ದು ಬ್ರಿಟನ್. ಭಾರತವು ಚಿನ್ನ ಗೆದ್ದ ಹಿಂದಿನ ಮೂರು ಒಲಿಂಪಿಕ್ಸ್‌ಗಳಲ್ಲಿಯೂ ಬ್ರಿಟನ್ನಿನ ಹಾಕಿ ತಂಡ ಕಣಕ್ಕಿಳಿದಿರಲಿಲ್ಲ. ಆಳಿದವರನ್ನು ಅವರದೇ ನೆಲದಲ್ಲಿ ಎದುರಿಸುವ ಮೊದಲ ಸಂದರ್ಭವದು. ಮಳೆಯಿಂದ ಮೈದಾನ ಕೆಸರಾಗಿತ್ತು. ಒಣನೆಲದಲ್ಲಿ ಚುರುಕಾಗಿ ಹರಿಯುವ ನಮ್ಮವರ ಆಟಕ್ಕೆ ಅದು ಒಗ್ಗದ ನೆಲ. ನಾಯಕರೂ ಉಪನಾಯಕ ಕೆ.ಡಿ. ಸಿಂಗ್ ಬಾಬು ಅವರೂ ಬೂಟು ಕಳಚಿ ಬರಿಗಾಲಿನಲ್ಲಿ ಆಡಿದರು. ಬಲ್ಬೀರ್ ಸಿಂಗರು ಎರಡು ಗೋಲು ಹೊಡೆದರು, ತ್ರಿಲೋಚನ್ ಸಿಂಗ್ ಮತ್ತು ಪ್ಯಾಟ್ ಜಾನ್ಸೆನ್ ಒಂದೊಂದು. ಗೋಲು ಹೊಡೆದವರ ಪಟ್ಟಿಯಲ್ಲಿ ನಾಯಕರ ಹೆಸರಿಲ್ಲ. ಅವರು ಮರೆಯಾದುದಕ್ಕೆ ಇದೂ ಒಂದು ಕಾರಣವಿರಬಹುದೆಂದು ನಮಗನ್ನಿಸುತ್ತದೆ.

ಆಟದಿಂದ ನಿವೃತ್ತರಾದ ಮೇಲೆ ಅವರು ಕಲಿಸುವ ಕೆಲಸಕ್ಕೆ ತಮ್ಮನ್ನು ಕೊಟ್ಟುಕೊಂಡರು. ರೈಲ್ವೆಯ ಆಟಗಾರರಿಗೆ ದೀರ್ಘಕಾಲ ತರಬೇತಿ ನೀಡಿದರು. ಕಿರಿಯರೆಲ್ಲ ಅವರನ್ನು ಕರೆಯುತ್ತಿದ್ದುದು ದಾದಾ ಎಂದು, ಅಂದರೆ ಅಣ್ಣ. 1964ರಲ್ಲಿ ಮಲೇಷ್ಯಾದ, 1968ರಲ್ಲಿ ಪೂರ್ವ ಜರ್ಮನಿಯ ಆಟಗಾರರನ್ನು ತಿದ್ದಿದರು. ಆ ಎರಡು ಒಲಿಂಪಿಕ್ಸ್‌ಗಳಲ್ಲಿ ಆ ಎರಡೂ ದೇಶಗಳು ಭಾರತದ ಗುಂಪಿನಲ್ಲಿಯೇ ಇದ್ದವು! ನಮ್ಮ ವಿದ್ಯೆಯನ್ನು ಎದುರಾಳಿಗೆ ಕಲಿಸುವುದೇ ಎಂದು ಕೇಳುವವರು ಕೇಳಿಯಾರು. ಕಲಿಯಬಂದವನ ಊರು ಯಾವುದೆಂದು ನೋಡಿ ಪಾಠದಲ್ಲಿ ಹೆಚ್ಚುಕಡಿಮೆ ಮಾಡುವುದು ಮೇಷ್ಟ್ರ ಕೆಲಸವಲ್ಲವೆಂಬುದು ನಮ್ಮ ಎಣಿಕೆ. 1966ರಲ್ಲಿ ಭಾರತ ಸರಕಾರವು ಅವರಿಗೆ ಪದ್ಮಶ್ರೀ ನೀಡಿ ಗೌರವಿಸಿತು.

1980ರ ಜೂನ್‌ನಲ್ಲಿ, ಮುರುಗಪ್ಪ ಗೋಲ್ಡ್ ಕಪ್ ಪಂದ್ಯಾವಳಿಗಾಗಿ ಮದರಾಸಿಗೆ ಬಂದಿದ್ದಾಗ, ಕಿಶನ್ ಲಾಲರು ಅಲ್ಲಿಯೇ ಕೊನೆಯುಸಿರೆಳೆದರು. ಅದರ ಮುಂದಿನ ತಿಂಗಳಲ್ಲಿ ಮಾಸ್ಕೋದಲ್ಲಿ ಭಾರತವು ಮತ್ತೆ ಹಾಕಿಯ ಚಿನ್ನ ಗೆದ್ದಿತು. ಆ ತಂಡದ ನಾಯಕರು ತಮಿಳುನಾಡಿನ ವಾಸುದೇವನ್ ಭಾಸ್ಕರನ್. ಮಧ್ಯಪಡೆಯಲ್ಲಿ ಕೊಡಗಿನ ಎಂ.ಎಂ. ಸೋಮಯ್ಯ ಇದ್ದರು.